ಮದುವೆ ಡಿವಿಡಿ ಎಂಪಿ4 ಆದಮೇಲೆ ಬಾಚಣಿಗೆ ಗೆರೆ, 20 ನಿಮಿಷದ ನಂತರ ದನಿ ಹಿಂದೆ, ಟಿವಿಯಲ್ಲಿ ಓಡುವುದೇ ಇಲ್ಲ

ಹಾಸನ_ಹೊಸಬ

2006ರ ಮದುವೆ ಡಿವಿಡಿಯೊಂದನ್ನು ಎಂಪಿ4 ಮಾಡಿ, ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲಿ ನೋಡಬೇಕಿತ್ತು. ಡಿಸ್ಕ್‌ನಲ್ಲಿದ್ದ ವಿಡಿಯೊ_ಟಿಎಸ್ ಫೋಲ್ಡರ್ ಪೂರ್ತಿಯಾಗಿ ಹಾರ್ಡ್‌ಡಿಸ್ಕ್‌ಗೆ ನಕಲಾಗಿದೆ. ಅದರಲ್ಲಿ ವಿಡಿಯೊ ಇರುವ ದೊಡ್ಡ ವಿಒಬಿ ಫೈಲು ನಾಲ್ಕು: ಮೂರು ತಲಾ 1 ಜಿಬಿ, ಕೊನೆಯದು 700 ಎಂಬಿ. ಒಟ್ಟು 75 ನಿಮಿಷ. ನಾಲ್ಕನ್ನೂ ಒಂದು ಉಚಿತ ಕನ್ವರ್ಟರ್‌ಗೆ ಕೊಟ್ಟು, ‘ಬೆಸ್ಟ್ ಕ್ವಾಲಿಟಿ’ ಆರಿಸಿ, ‘ಮರ್ಜ್’ಗೆ ಟಿಕ್ ಹಾಕಿದ್ದೆ.

ಬಂದ ಫೈಲಿನಲ್ಲಿ ಯಾರಾದರೂ ಕೈ ಆಡಿಸಿದರೆ, ಸೆರಗು ಹಾರಿದರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಅಡ್ಡಗೆರೆ. ಮೊದಲ 20 ನಿಮಿಷ ದನಿ ಸರಿಯಾಗಿದೆ, ಆಮೇಲೆ ಅರ್ಧ ಸೆಕೆಂಡ್ ಹಿಂದೆ ಬೀಳುತ್ತದೆ. ಕೊನೆಯ ಭಾಗದಲ್ಲಿ ವಾಲಗದವರು ಡೋಲು ಬಡಿದು ಒಂದೂವರೆ ಸೆಕೆಂಡ್ ಆದಮೇಲೆ ಸದ್ದು ಕೇಳುತ್ತದೆ. ಎಲ್ಲರೂ ಕೊಂಚ ತೆಳ್ಳಗೆ, ಉದ್ದಕ್ಕೆ ಕಾಣುತ್ತಾರೆ. ಟಿವಿ 2014ರದ್ದು, ಅದಂತೂ ‘ಫಾರ್ಮ್ಯಾಟ್ ಬೆಂಬಲವಿಲ್ಲ’ ಅಂದು ಸುಮ್ಮನಾಗುತ್ತದೆ. ಈ ಎಂಪಿ4ನ್ನು ಇನ್ನೊಂದು ಕನ್ವರ್ಟರ್‌ಗೆ ಹಾಕಿ ಸರಿ ಮಾಡಬಹುದೇ?

ಫೀಲ್ಡ್‌ಆರ್ಡರ್

ಆ ಎಂಪಿ4ನ್ನು ಮತ್ತೆ ಕನ್ವರ್ಟ್ ಮಾಡಬೇಡಿ. ಗೆರೆಗಳು ಅದರಲ್ಲಿ ಚಿತ್ರದ ಭಾಗವೇ ಆಗಿಹೋಗಿವೆ. ಮೂಲ ವಿಒಬಿ ಇರುವಾಗ ಅಲ್ಲಿಂದಲೇ ಹೊರಡೋಣ.

ಅದಕ್ಕೂ ಮುಂಚೆ ಒಂದು ಕೆಲಸ. ಮೀಡಿಯಾಇನ್ಫೊ ಅನ್ನೋ ಉಚಿತ ಪ್ರೋಗ್ರಾಂ ಹಾಕಿಕೊಂಡು, ಮೊದಲ ವಿಒಬಿ ಮತ್ತು ಹಾಳಾದ ಎಂಪಿ4 ಎರಡನ್ನೂ ಅದರಲ್ಲಿ ತೆರೆಯಿರಿ. ‘ವ್ಯೂ’ ಮೆನುವಿನಲ್ಲಿ ‘ಟೆಕ್ಸ್ಟ್’ ಆರಿಸಿದರೆ ಎಲ್ಲ ವಿವರ ಸಾಲುಸಾಲಾಗಿ ಬರುತ್ತದೆ. ಫಾರ್ಮ್ಯಾಟ್, ಪ್ರೊಫೈಲ್, ಅಗಲ, ಎತ್ತರ, ಡಿಸ್‌ಪ್ಲೇ ಆಸ್ಪೆಕ್ಟ್ ರೇಶಿಯೊ, ಫ್ರೇಮ್ ರೇಟ್, ಸ್ಕ್ಯಾನ್ ಟೈಪ್, ಸ್ಕ್ಯಾನ್ ಆರ್ಡರ್, ಬಿಟ್ ಡೆಪ್ತ್, ಆಡಿಯೊ ಸ್ಯಾಂಪ್ಲಿಂಗ್ ರೇಟ್ ಇಷ್ಟನ್ನು ಇಲ್ಲಿ ಬರೆಯಿರಿ. ಒಳಗೇನಿದೆ ಅಂತ ನೋಡದೆ ಸೆಟ್ಟಿಂಗ್ ಹೇಳಿದರೆ ಜ್ವರ ನೋಡದೆ ಮಾತ್ರೆ ಕೊಟ್ಟಂತೆ ಆಗುತ್ತದೆ.

ಹಾಸನ_ಹೊಸಬ

ವಿಒಬಿ: ಎಂಪೆಗ್-2, 720×576, 4:3, 25 ಫ್ರೇಮ್, ಇಂಟರ್ಲೇಸ್ಡ್, ಟಾಪ್ ಫೀಲ್ಡ್ ಫಸ್ಟ್, 8 ಬಿಟ್. ಆಡಿಯೊ ಎಸಿ-3, 48 ಕಿಲೊಹರ್ಟ್ಜ್, 192 ಕೆಬಿಪಿಎಸ್.

ಎಂಪಿ4: ಎಚ್‌ಇವಿಸಿ, ಪ್ರೊಫೈಲ್ ‘ಮೇನ್ 10’, 720×576, 5:4, 25 ಫ್ರೇಮ್, ಪ್ರೋಗ್ರೆಸಿವ್, 10 ಬಿಟ್. ಆಡಿಯೊ ಎಎಸಿ, 44.1 ಕಿಲೊಹರ್ಟ್ಜ್.

ಫೀಲ್ಡ್‌ಆರ್ಡರ್

ನಿಮ್ಮ ನಾಲ್ಕು ದೂರಿನಲ್ಲಿ ಮೂರಕ್ಕೆ ಉತ್ತರ ಈ ಸಾಲುಗಳಲ್ಲೇ ಇದೆ.

ಮೊದಲು ಬಾಚಣಿಗೆ ಗೆರೆ. ನಮ್ಮ ದೇಶದ ಹಳೆಯ ಟಿವಿ ಪದ್ಧತಿ ಪಾಲ್: ಸೆಕೆಂಡಿಗೆ 25 ಫ್ರೇಮ್. ಆದರೆ ಒಂದೊಂದು ಫ್ರೇಮೂ ಎರಡು ಅರ್ಧ ಚಿತ್ರಗಳ ಜೋಡಿ, ಇದನ್ನೇ ಇಂಟರ್ಲೇಸ್ಡ್ ಅನ್ನುವುದು. 576 ಸಾಲುಗಳಲ್ಲಿ ಬೆಸ ಸಾಲು 288, ಸಮ ಸಾಲು 288. ಈ ಎರಡು ಅರ್ಧಗಳನ್ನು ಕ್ಯಾಮೆರಾ 1/50 ಸೆಕೆಂಡ್ ಅಂತರದಲ್ಲಿ ಹಿಡಿದಿರುತ್ತದೆ. ಡಬ್ಬಾ ಟಿವಿ ಅವನ್ನು ಒಂದಾದ ಮೇಲೊಂದು ತೋರಿಸುತ್ತಿದ್ದುದರಿಂದ ಏನೂ ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಅಕ್ಷತೆ ಹಾಕುವ ಕೈ ಆ 1/50 ಸೆಕೆಂಡಿನಲ್ಲಿ ಸರಿದಿರುತ್ತದೆ, ಹಾಗಾಗಿ ಬೆಸ ಸಾಲಿನಲ್ಲಿ ಒಂದು ಜಾಗದಲ್ಲಿ, ಸಮ ಸಾಲಿನಲ್ಲಿ ಇನ್ನೊಂದು ಜಾಗದಲ್ಲಿ ಕಾಣುತ್ತದೆ. ನಿಮ್ಮ ಕನ್ವರ್ಟರ್ ಡಿಇಂಟರ್ಲೇಸ್ ಮಾಡದೆ, ಅಂದರೆ ಆ ಅರ್ಧಗಳನ್ನು ಬಿಡಿಸದೆ, ಹಾಗೇ ಬೆಸುಗೆ ಹಾಕಿ, ಮೇಲೆ ‘ಪ್ರೋಗ್ರೆಸಿವ್’ (ಪೂರ್ಣ ಚಿತ್ರ) ಅಂತ ಚೀಟಿ ಅಂಟಿಸಿದೆ. ಚೀಟಿ ನಂಬಿದ ಪ್ಲೇಯರ್ ತಾನೂ ಗೆರೆ ತೆಗೆಯಲು ಹೋಗುವುದಿಲ್ಲ.

ತೆಳ್ಳಗೆ ಕಾಣುವುದಕ್ಕೆ ಕಾರಣ 5:4. ಡಿವಿಡಿಯ ಪಿಕ್ಸೆಲ್ ಚೌಕ ಅಲ್ಲ, ಸ್ವಲ್ಪ ಅಡ್ಡಗಲ. 720 ಪಿಕ್ಸೆಲ್ ಇದ್ದರೂ 768ರಷ್ಟು ಅಗಲಕ್ಕೆ ಹಿಗ್ಗಿಸಿ ತೋರಿಸಬೇಕು, ಆಗ 4:3 ಆಗುತ್ತದೆ. ಕನ್ವರ್ಟರ್ ಆ ಸೂಚನೆಯನ್ನು ಬಿಸಾಡಿದೆ.

ಟಿವಿ ಓಡಿಸದಿರುವುದು ಎಚ್‌ಇವಿಸಿ 10 ಬಿಟ್‌ನಿಂದ. ಎಚ್‌ಇವಿಸಿ ಅಂದರೆ ವಿಡಿಯೊ ಹಿಂಡುವ ಹೊಸ ಬಗೆ, ಎಚ್.264 ಅದಕ್ಕಿಂತ ಹಳೆಯದು. 2014ರ ಬಹಳಷ್ಟು ಟಿವಿಗಳು ಎಚ್.264 8 ಬಿಟ್‌ಗೆ ನಿಲ್ಲುತ್ತವೆ. 8 ಬಿಟ್ ಡಿವಿಡಿಯನ್ನು 10 ಬಿಟ್ ಮಾಡಿದರೆ ಇಲ್ಲದ ಬಣ್ಣವೇನೂ ಹುಟ್ಟುವುದಿಲ್ಲ. ‘ಬೆಸ್ಟ್ ಕ್ವಾಲಿಟಿ’ ಅನ್ನೋ ಬಟನ್‌ಗೆ ನಿಮ್ಮ ಟಿವಿ ಯಾವುದು ಅಂತ ಗೊತ್ತಿರುವುದಿಲ್ಲ.

ದನಿಯ ವಿಷಯ ಬಿಟ್‌ಲೆಕ್ಕ ಅವರು ಹೇಳಲಿ.

ಬಿಟ್‌ಲೆಕ್ಕ

‘ಮೊದಲ 20 ನಿಮಿಷ ಸರಿ’ ಅನ್ನೋದೇ ಸುಳಿವು. ಲೆಕ್ಕ ನೋಡಿ: 3.7 ಜಿಬಿಯನ್ನು 75 ನಿಮಿಷಕ್ಕೆ ಹಂಚಿದರೆ ಸೆಕೆಂಡಿಗೆ ಸುಮಾರು 7 ಮೆಗಾಬಿಟ್. ಆ ವೇಗದಲ್ಲಿ 1 ಜಿಬಿ ತುಂಬಲು 20 ನಿಮಿಷ ಚಿಲ್ಲರೆ ಬೇಕು. ಅಂದರೆ ಮೊದಲ ವಿಒಬಿ ಮುಗಿಯುವ ಜಾಗದಲ್ಲೇ ದನಿ ತಪ್ಪಿದೆ. 40 ಮತ್ತು 61ನೇ ನಿಮಿಷದ ಹತ್ತಿರ ಇನ್ನೆರಡು ಸಲ ತಪ್ಪಿರಬೇಕು. ಅರ್ಧ ಅರ್ಧ ಸೆಕೆಂಡಿನಂತೆ ಮೂರು ಸಲ, ನಿಮ್ಮ ಡೋಲಿನ ಒಂದೂವರೆ ಸೆಕೆಂಡಿಗೆ ಸರಿಹೋಯಿತು.

ಕಾರಣ ಇದು. ಡಿವಿಡಿಯಲ್ಲಿ ವಿಒಬಿ ತುಂಡಾಗುವುದು ದೃಶ್ಯ ನೋಡಿಕೊಂಡಲ್ಲ, 1 ಜಿಬಿ ಆದ ಕೂಡಲೇ ಕತ್ತರಿ. ಕಬ್ಬಿನ ಗಿಣ್ಣು ನೋಡದೆ ಕತ್ತರಿಸಿದ ಹಾಗೆ. ಎಂಪೆಗ್-2ನಲ್ಲಿ ಪೂರ್ಣ ಚಿತ್ರ ಬರುವುದು ಹತ್ತು–ಹದಿನೈದು ಫ್ರೇಮಿಗೊಮ್ಮೆ. ನಡುವಿನವು ‘ಹಿಂದಿನದಕ್ಕಿಂತ ಏನು ಬದಲಾಯಿತು’ ಅನ್ನೋ ಟಿಪ್ಪಣಿ ಮಾತ್ರ. ಕನ್ವರ್ಟರ್ ಎರಡನೇ ವಿಒಬಿಯನ್ನು ಬೇರೆ ಸಿನಿಮಾ ಅಂದುಕೊಂಡು ತೆರೆದಾಗ, ಮೊದಲ ಪೂರ್ಣ ಚಿತ್ರ ಸಿಗುವವರೆಗಿನ ಫ್ರೇಮುಗಳನ್ನು ಎಸೆಯುತ್ತದೆ. ಆಡಿಯೊ ಮಾತ್ರ ಮೊದಲಿನಿಂದಲೇ ಎತ್ತಿಕೊಳ್ಳುತ್ತದೆ. ಹದಿಮೂರು ಫ್ರೇಮ್ ಹೋದರೂ 13/25, ಅರ್ಧ ಸೆಕೆಂಡ್ ಆಯಿತು. ಚಿತ್ರ ಮುಂದೆ ಓಡಿತು, ದನಿ ಹಿಂದೆ ಉಳಿಯಿತು.

ಪರಿಹಾರ: ವಿಒಬಿಗಳನ್ನು ಬಿಡಿಬಿಡಿಯಾಗಿ ಕೊಡಬೇಡಿ. ಇಡೀ ವಿಡಿಯೊ_ಟಿಎಸ್ ಫೋಲ್ಡರ್ ಕೊಡಿ. ಅದರಲ್ಲಿರುವ ಐಎಫ್ಒ ಫೈಲುಗಳೇ ಯಾವುದರ ಹಿಂದೆ ಯಾವುದು ಅಂತ ಹೇಳುವ ಸೂಚಿ. ಸಣ್ಣ ಫೈಲು ಅಂತ ಅವನ್ನು ಅಳಿಸಿದವರು ಬಹಳ ಜನ, ಅಳಿಸಬೇಡಿ.

ಇಲ್ಲಿಗೆ ಬರುವ ಬೇರೆಯವರಿಗೂ ಅನುಕೂಲ ಆಗಲಿ ಅಂತ ದನಿ ತಪ್ಪುವ ಮೂರು ಬಗೆ ಹೇಳುತ್ತೇನೆ. ಮೊದಲಿಂದ ಕೊನೆವರೆಗೆ ಒಂದೇ ಅಂತರ ಇದ್ದರೆ ಬರೀ ತಡ: ಎಂಕೆವಿಟೂಲ್‌ನಿಕ್ಸ್ ಅನ್ನೋ ಉಚಿತ ಪ್ರೋಗ್ರಾಂನಲ್ಲಿ ಆಡಿಯೊ ಸಾಲನ್ನು ಆರಿಸಿ ‘ಡಿಲೇ’ ಜಾಗದಲ್ಲಿ ಮಿಲಿಸೆಕೆಂಡ್ ಹಾಕಿ. ದನಿ ಹಿಂದಿದ್ದರೆ ಸಂಖ್ಯೆಯ ಮುಂದೆ ಮೈನಸ್, ಉದಾಹರಣೆಗೆ -400. ಕನ್ವರ್ಷನ್ನೇ ಬೇಡ, ನಿಮಿಷದೊಳಗೆ ಮುಗಿಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿದರೆ ತುಂಡು ಜೋಡಿಸಿದ ಜಾಗದ ತಪ್ಪು, ಇಲ್ಲವೇ ಟೇಪ್ ಕ್ಯಾಪ್ಚರ್ ಮಾಡುವಾಗ (ಕಂಪ್ಯೂಟರ್‌ಗೆ ಇಳಿಸುವಾಗ) ಫ್ರೇಮ್ ಬಿಟ್ಟುಹೋಗಿದೆ. ಇಳಿಜಾರಿನಂತೆ ಸಮನಾಗಿ ಹೆಚ್ಚುತ್ತಾ ಹೋದರೆ ಎರಡು ಗಡಿಯಾರಗಳ ಜಗಳ: ವಿಎಚ್‌ಎಸ್ ಕ್ಯಾಪ್ಚರ್‌ನಲ್ಲಿ ವಿಡಿಯೊ ಒಂದು ಸಾಧನದಿಂದ, ದನಿ ಸೌಂಡ್‌ಕಾರ್ಡ್‌ನಿಂದ ಬಂದಾಗ ಹೀಗಾಗುತ್ತದೆ. ಮೊದಲ ನಿಮಿಷದಲ್ಲಿ ಸರಿಯಾಗಿದ್ದು ಒಂದು ಗಂಟೆ ಕಳೆದಾಗ 1.8 ಸೆಕೆಂಡ್ ಹಿಂದೆ ಬಿದ್ದಿದ್ದರೆ 3601.8ನ್ನು 3600ರಿಂದ ಭಾಗಿಸಿ, 1.0005 ಬರುತ್ತದೆ. ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ಸಾಧನದ ‘ಎಟೆಂಪೊ’ ಫಿಲ್ಟರ್‌ಗೆ ಆ ಸಂಖ್ಯೆ ಕೊಟ್ಟರೆ ಆಡಿಯೊ ಅಷ್ಟೇ ಚೂರು ಬೇಗ ಓಡಿ ಸರಿಹೊಂದುತ್ತದೆ. ಅಳೆಯಲು ಮಾತಿಗಿಂತ ಡೋಲಿನ ಏಟು, ಚಪ್ಪಾಳೆ, ತೆಂಗಿನಕಾಯಿ ಒಡೆದದ್ದು ಒಳ್ಳೆಯದು.

ಫೀಲ್ಡ್‌ಆರ್ಡರ್

ಈಗ ಸೆಟ್ಟಿಂಗ್. ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಕನ್ವರ್ಟರ್ ಹಾಕಿಕೊಳ್ಳಿ, ಅಧಿಕೃತ ತಾಣದಿಂದಲೇ. ಅದೇ ಹೆಸರು ಹಚ್ಚಿಕೊಂಡ ನಕಲಿ ತಾಣಗಳಿವೆ.

ಓಪನ್ ಸೋರ್ಸ್‌ನಲ್ಲಿ ‘ಫೋಲ್ಡರ್’ ಆರಿಸಿ ವಿಡಿಯೊ_ಟಿಎಸ್ ತೋರಿಸಿ. ‘ಟೈಟಲ್’ ಪಟ್ಟಿಯಲ್ಲಿ 75 ನಿಮಿಷದ್ದನ್ನು ಹಿಡಿಯಿರಿ. ಕೆಲವು ಸೆಕೆಂಡಿನವು ಮೆನು, ಸ್ಟುಡಿಯೊದ ಹೆಸರು ಇತ್ಯಾದಿ. ‘ಸಮ್ಮರಿ’ಯಲ್ಲಿ ಎಂಪಿ4, ‘ಅಲೈನ್ ಎವಿ ಸ್ಟಾರ್ಟ್’ಗೆ ಟಿಕ್.

‘ಫಿಲ್ಟರ್ಸ್’ನಲ್ಲಿ ಡಿಟೆಲಿಸಿನ್ ಆಫ್. ಅದು ಅಮೆರಿಕದ ಎನ್‌ಟಿಎಸ್‌ಸಿ ಡಿಸ್ಕ್‌ಗಳಿಗೆ ಬೇಕಾದದ್ದು, ಪಾಲ್ ಮದುವೆ ವಿಡಿಯೊಗೆ ಸಂಬಂಧವಿಲ್ಲ. ‘ಇಂಟರ್ಲೇಸ್ ಡಿಟೆಕ್ಷನ್’ ಕೂಡ ಆಫ್ ಮಾಡಿ, ಇಲ್ಲಿ ಎಲ್ಲ ಫ್ರೇಮೂ ಇಂಟರ್ಲೇಸ್ಡ್ ಅಂತ ನಮಗೆ ಗೊತ್ತಿದೆ. ‘ಡಿಇಂಟರ್ಲೇಸ್’ನಲ್ಲಿ ಬಿಡಬ್ಲ್ಯುಡಿಐಎಫ್, ನಿಮ್ಮ ಆವೃತ್ತಿಯಲ್ಲಿ ಇಲ್ಲದಿದ್ದರೆ ಯಾಡಿಫ್. ಪಕ್ಕದ ಪ್ರಿಸೆಟ್ ‘ಬಾಬ್’. ಬಾಬ್ ಅಂದರೆ ಒಂದೊಂದು ಅರ್ಧ ಚಿತ್ರದಿಂದಲೂ ಒಂದು ಪೂರ್ಣ ಫ್ರೇಮ್ ಕಟ್ಟುವುದು, 25 ಹೋಗಿ 50 ಆಗುತ್ತದೆ. ಡಿವಿಡಿ ಪ್ಲೇಯರ್‌ನಲ್ಲಿ ನೋಡಿದಾಗ ಇದ್ದ ಆ ನಯವಾದ ಚಲನೆ ಉಳಿಯುವುದು ಇದರಿಂದಲೇ. ‘ಡಿಫಾಲ್ಟ್’ ಇಟ್ಟರೆ ಗೆರೆ ಹೋಗುತ್ತದೆ, ಜೊತೆಗೆ ಅರ್ಧ ಚಲನೆಯೂ ಹೋಗುತ್ತದೆ. ಕ್ಯಾಮೆರಾ ಹಿಡಿದದ್ದೇ ಸೆಕೆಂಡಿಗೆ 50 ಕ್ಷಣ, ಅದರಲ್ಲಿ 25ನ್ನು ಯಾಕೆ ಬಿಸಾಡಬೇಕು?

‘ವಿಡಿಯೊ’ದಲ್ಲಿ ಎಚ್.264 ಎಕ್ಸ್264. ಪಟ್ಟಿಯಲ್ಲಿ ಅದರ ಪಕ್ಕದಲ್ಲೇ ಎಚ್.264 10 ಬಿಟ್ ಅಂತಲೂ ಇದೆ, ಕೈತಪ್ಪಿ ಅದನ್ನು ಒತ್ತಬೇಡಿ. ಅದನ್ನು ಹೊಸ ಟಿವಿಗಳೂ ಸಾಮಾನ್ಯವಾಗಿ ಓಡಿಸುವುದಿಲ್ಲ. ಫ್ರೇಮ್‌ರೇಟ್ 50, ‘ಕಾನ್‌ಸ್ಟಂಟ್’. ‘ಸೇಮ್ ಆ್ಯಸ್ ಸೋರ್ಸ್’ ಬಿಟ್ಟು 50 ಅಂತ ನೀವೇ ಹಾಕಿ. ಕಾನ್‌ಸ್ಟಂಟ್ ಕ್ವಾಲಿಟಿ ಆರ್‌ಎಫ್ 20. ಪ್ರಿಸೆಟ್ ‘ಸ್ಲೋ’, ಪ್ರೊಫೈಲ್ ‘ಹೈ’, ಲೆವೆಲ್ 4.0.

‘ಡೈಮೆನ್ಶನ್ಸ್’ನಲ್ಲಿ ಜಾಗ್ರತೆ. ಹಳೆ ಟಿವಿಗಳು ಪಿಕ್ಸೆಲ್ ಆಕಾರದ ಸೂಚನೆಯನ್ನು ಕಡೆಗಣಿಸುವುದು ಹೆಚ್ಚು, ಅದಕ್ಕೆ ಅನಾಮಾರ್ಫಿಕ್ ‘ನನ್’ ಮಾಡಿ, ಚೌಕ ಪಿಕ್ಸೆಲ್ ಆಗುತ್ತದೆ. ಆದರೆ ಅಷ್ಟೇ ಮಾಡಿ ಬಿಟ್ಟರೆ ಹ್ಯಾಂಡ್‌ಬ್ರೇಕ್ ಅಗಲ ಹೆಚ್ಚಿಸುವ ಬದಲು ಎತ್ತರ ಇಳಿಸಿ 720×540 ಮಾಡುತ್ತದೆ, 36 ಸಾಲು ನಷ್ಟ. ‘ಅಲೌ ಅಪ್‌ಸ್ಕೇಲಿಂಗ್’ಗೆ ಟಿಕ್ ಹಾಕಿ 768×576 ಬಂದಿದೆಯೇ ನೋಡಿಕೊಳ್ಳಿ.

ಆಡಿಯೊ ಎಎಸಿ, ಸ್ಟೀರಿಯೊ, 160, ಸ್ಯಾಂಪಲ್‌ರೇಟ್ 48. 44.1ಕ್ಕೆ ಇಳಿಸಲು ಯಾವ ಕಾರಣವೂ ಇಲ್ಲ.

ಪೂರ್ತಿ ಓಡಿಸುವ ಮುನ್ನ ಒಂದು ಪರೀಕ್ಷೆ: ಮೇಲೆ ‘ರೇಂಜ್’ನಲ್ಲಿ ‘ಸೆಕೆಂಡ್ಸ್’ ಆರಿಸಿ 1200ರಿಂದ 1260 ಹಾಕಿ. ಮೊದಲ ವಿಒಬಿ ಮುಗಿದು ಎರಡನೆಯದು ಶುರುವಾಗುವ ಜಾಗ ಅದರೊಳಗೆ ಬರುತ್ತದೆ. ಒಂದು ನಿಮಿಷದ ಆ ತುಣುಕು ಟಿವಿಯಲ್ಲಿ ಓಡಿ, ದನಿ ಹೊಂದಿದರೆ ಉಳಿದದ್ದಕ್ಕೆ ಧೈರ್ಯವಾಗಿ ಕೈಹಾಕಬಹುದು.

ಹುಬ್ಳಿ_ರಿಗ್

ಎಲ್ಲಾ ಸರಿ ಹೇಳೀರಿ, ಆದ್ರ ‘ಸ್ಲೋ’ ಯಾಕ್ರೀ? ಗ್ರಾಫಿಕ್ಸ್ ಕಾರ್ಡ್ ಇದ್ರ ಎನ್ವಿಡಿಯಾದ ಎನ್‌ವಿಎನ್‌ಸಿ ಹಾಕಿದ್ರ ಲಗೂನ ಮುಗೀತೈತಿ.

ಬಿಟ್‌ಲೆಕ್ಕ

4ಕೆ ವಿಡಿಯೊ ಆಗಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ. ಇಲ್ಲಿ 576 ಸಾಲಿನ ಚಿತ್ರ, ಅದರ ಮೇಲೆ ಡಿಇಂಟರ್ಲೇಸ್ ಕೆಲಸ ಪ್ರೊಸೆಸರ್ ಮೇಲೇ ನಡೆಯುತ್ತದೆ, ಕಾರ್ಡ್ ಹಾಕಿದರೂ ಉಳಿಯುವ ಹೊತ್ತು ಅಷ್ಟಕ್ಕಷ್ಟೆ. ಅದೇ ಗಾತ್ರದಲ್ಲಿ ಎಕ್ಸ್264 ಸ್ಲೋ ಕೊಡುವ ಚಿತ್ರ ಹೆಚ್ಚು ಸ್ವಚ್ಛ, ವಿಶೇಷವಾಗಿ ಮಂಟಪದ ಹೊಗೆ, ಕತ್ತಲ ಮೂಲೆಗಳಲ್ಲಿ. ಇನ್ನೊಂದು ತಪ್ಪು ಸಾಮಾನ್ಯ: ಎಕ್ಸ್264ರ ಆರ್‌ಎಫ್ 20 ಬೇರೆ, ಎನ್‌ವಿಎನ್‌ಸಿಯ ಸಿಕ್ಯು 20 ಬೇರೆ. ಒಂದರ ಸಂಖ್ಯೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಆರ್‌ಎಫ್ ಬಗ್ಗೆ: ಸಂಖ್ಯೆ ಕಮ್ಮಿಯಾದಷ್ಟೂ ಗುಣಮಟ್ಟ ಹೆಚ್ಚು, ಫೈಲು ದೊಡ್ಡದು. 6 ಇಳಿಸಿದರೆ ಗಾತ್ರ ಹೆಚ್ಚುಕಡಿಮೆ ದುಪ್ಪಟ್ಟು. ಡಿವಿಡಿಗೆ 18ರಿಂದ 22, 1080ಕ್ಕೆ 20ರಿಂದ 24 ಹ್ಯಾಂಡ್‌ಬ್ರೇಕ್‌ನವರೇ ಹೇಳುವ ವ್ಯಾಪ್ತಿ. 10 ಹಾಕಿದರೆ ಮೂಲ ಡಿವಿಡಿಗಿಂತಲೂ ದೊಡ್ಡ ಫೈಲು ಬಂದೀತು, ಡಿವಿಡಿಗಿಂತ ಚೆನ್ನಾಗಿ ಮಾತ್ರ ಕಾಣದು.

ಹುಬ್ಳಿ_ರಿಗ್

ಒಪ್ಪಿದ್ನಿರಿ. ಇನ್ನೊಂದ್ ಮಾತು ಕೂಡಸ್ತೀನಿ. ಲ್ಯಾಪ್‌ಟಾಪ್‌ನ್ಯಾಗ ಕನ್ವರ್ಟ್ ಹಚ್ಚಿದಾಗ ನಡುವ ನಿಂತ್ರ, ಎಷ್ಟನೇ ನಿಮಿಷಕ್ಕ ನಿಂತು ಬರದ್ ಇಡ್ರಿ. ಎರಡನೇ ಸಲ ಅದೇ ಜಾಗಾದಾಗ ನಿಂತ್ರ ಮೂಲ ಫೈಲ್ ಅಲ್ಲಿ ಕೆಟ್ಟೈತಿ, ಡಿಸ್ಕ್ ಮತ್ತೊಮ್ಮೆ ನಕಲ್ ತಗೋಬೇಕು. ಬ್ಯಾರೆ ಬ್ಯಾರೆ ಜಾಗಾದಾಗ ನಿಂತ್ರ ಫೈಲಿಂದಲ್ಲ ತಪ್ಪು, ಕಾವಿಂದು ಇಲ್ಲಾ ರ‍್ಯಾಮಿಂದು. ಫ್ಯಾನಿನ ಧೂಳ ತಗೀರಿ, ಹಾಸಗಿ ಮ್ಯಾಲ ಇಟ್ಟು ಹಚ್ಚಬ್ಯಾಡ್ರಿ. ವಿಂಡೋಸ್‌ನ್ಯಾಗಿರೋ ಮೆಮೊರಿ ಡಯಾಗ್ನೋಸ್ಟಿಕ್ ಒಮ್ಮೆ ಓಡಸ್ರಿ.

ಡಿಸ್ಕ್ ಒರಸೂದಿದ್ರ ಮೆತ್ತನ್ ಬಟ್ಟಿ ತಗೊಂಡು ನಡುವಿಂದ ಅಂಚಿಗೆ ನೆಟ್ಟಗ ಒರಸ್ರಿ. ಗುಂಡಗ ತಿರಗಸಬ್ಯಾಡ್ರಿ. ಗುಂಡಗ ಬಿದ್ದ ಗೀರು ಡೇಟಾದ ಸಾಲಿನ ಗುಂಟನ ಹೊಂಟು ಭಾಳ ದೂರ ತಿಂತೈತಿ, ಅಡ್ಡ ಗೀರನ್ನ ಡ್ರೈವ್ ಸರಿ ಮಾಡ್ಕೊಂಡ್ ಓದತೈತಿ.

ಮಿನಿಡಿವಿ_ಪ್ರಶ್ನೆ

ಡಿವಿಡಿ ಅಲ್ಲ, ಮಿನಿಡಿವಿ ಟೇಪೇ ಇದ್ದರೆ? ಕ್ಯಾಮೆರಾದಿಂದ ಫೈರ್‌ವೈರ್ ಕೇಬಲ್‌ನಲ್ಲಿ ತೆಗೆದ ಎವಿಐ ಇದೆ. ಬಾಬ್ ಹಾಕಿದರೆ ಚಿತ್ರ ಮುಂದೆ–ಹಿಂದೆ ನಡುಗುತ್ತದೆ.

ಫೀಲ್ಡ್‌ಆರ್ಡರ್

ಟೇಪ್ ಇದ್ದರೆ ಡಿವಿಡಿಗಿಂತ ಅದೇ ಮೇಲು. ಡಿವಿ ಸೆಕೆಂಡಿಗೆ 25 ಮೆಗಾಬಿಟ್, ಗಂಟೆಗೆ ಸುಮಾರು 13 ಜಿಬಿ. ಡಿವಿಡಿಗೆ ಇಳಿಸುವಾಗ ಒಂದು ಸಲ ಹಿಂಡಿದ್ದು ನಿಮ್ಮಲ್ಲಿ ಹಿಂಡದೆ ಉಳಿದಿದೆ. ಫೈರ್‌ವೈರ್‌ನಲ್ಲಿ ತೆಗೆದದ್ದು ಸರಿಯಾದ ದಾರಿ. ಅದೇ ಕ್ಯಾಮೆರಾಗಳ ಯುಎಸ್‌ಬಿ ತೂತಿನಿಂದ ಸಾಮಾನ್ಯವಾಗಿ ಸಣ್ಣ ಅಳತೆಯ ಚಿತ್ರವಷ್ಟೇ ಬರುತ್ತದೆ.

ನಡುಗುವುದಕ್ಕೆ ಕಾರಣ ಫೀಲ್ಡ್ ಕ್ರಮ. ಫೀಲ್ಡ್ ಅಂದರೆ ಮೇಲೆ ಹೇಳಿದ ಅರ್ಧ ಚಿತ್ರ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು, ಡಿವಿಡಿಗಳಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ಕ್ರಮ ತಿರುವುಮುರುವಾದರೆ ಎರಡನೇ ಕ್ಷಣ ಮೊದಲು, ಮೊದಲನೇ ಕ್ಷಣ ಆಮೇಲೆ ಬರುತ್ತದೆ. ನಡೆಯುವವರು ಎರಡು ಹೆಜ್ಜೆ ಮುಂದೆ, ಒಂದು ಹಿಂದೆ ಇಟ್ಟಂತೆ ಕಾಣುವುದು ಅದಕ್ಕೇ. ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯುಡಿಐಎಫ್ ಮತ್ತು ಯಾಡಿಫ್ ಎರಡರಲ್ಲೂ ‘ಪ್ಯಾರಿಟಿ’ ಅಂತ ಇದೆ: 0 ಅಂದರೆ ಮೇಲಿನದು ಮೊದಲು, 1 ಅಂದರೆ ಕೆಳಗಿನದು ಮೊದಲು, -1 ಅಂದರೆ ಫೈಲಿನ ಚೀಟಿ ನಂಬು. ನಿಮಗೆ ಬೇಕಾದ್ದು 1.

ಎವಿಐಯನ್ನು ಅಳಿಸಬೇಡಿ. 13 ಜಿಬಿ ದೊಡ್ಡದು ಅನ್ನಿಸಬಹುದು, ಆದರೆ ಟೇಪ್ ಓದುವ ಕ್ಯಾಮೆರಾಗಳು ವರ್ಷ ವರ್ಷ ಕಡಿಮೆಯಾಗುತ್ತಿವೆ. ಎಂಪಿ4 ನೋಡುವುದಕ್ಕೆ, ಎವಿಐ ಇಟ್ಟುಕೊಳ್ಳುವುದಕ್ಕೆ. ಹಾಗೇ 13 ಜಿಬಿ ಫೈಲು ಎಫ್‌ಎಟಿ32 ಪೆನ್‌ಡ್ರೈವ್‌ಗೆ ಹೋಗುವುದಿಲ್ಲ, ಅದರಲ್ಲಿ ಒಂದು ಫೈಲಿನ ಮಿತಿ 4 ಜಿಬಿ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಹಳೆ ಟಿವಿ ಎಕ್ಸ್‌ಫ್ಯಾಟ್ ಓದದಿದ್ದರೆ ಎನ್‌ಟಿಎಫ್‌ಎಸ್ ಪ್ರಯತ್ನಿಸಿ.

ಕರಾವಳಿ_ಮಳೆ

ಇದಕ್ಕೆ ಹತ್ತಿರದ ಪ್ರಶ್ನೆ. ಯಕ್ಷಗಾನ ಆಟದ 40 ನಿಮಿಷದ ಫೋನ್ ರೆಕಾರ್ಡಿಂಗ್. ಫೋನಿನಲ್ಲಿ ಸರಿಯಾಗಿಯೇ ಕಾಣುತ್ತದೆ. ಎಡಿಟರ್‌ಗೆ ತಂದರೆ ಚೆಂಡೆಯ ಪೆಟ್ಟು ಕೈಗೆ ಹೊಂದುವುದಿಲ್ಲ, ಕೊನೆಗೆ ಹೋದಷ್ಟೂ ಹೆಚ್ಚು. ಎಂಪಿ4 ಮಾಡಿದ ಮೇಲೆ ವೇಷದ ಕೆಂಪು ಬೂದಿ ಬಳಿದಂತೆ ಮಂಕಾಗಿದೆ. ಮೀಡಿಯಾಇನ್ಫೊದಲ್ಲಿ ‘ಫ್ರೇಮ್ ರೇಟ್ ಮೋಡ್: ವೇರಿಯಬಲ್’, 10 ಬಿಟ್, ‘ಬಿಟಿ.2020’, ‘ಎಚ್‌ಎಲ್‌ಜಿ’ ಅಂತ ಇದೆ.

ಬಿಟ್‌ಲೆಕ್ಕ

ಎರಡು ಬೇರೆ ಬೇರೆ ತೊಂದರೆ. ಫೋನು ಫ್ರೇಮುಗಳನ್ನು ಸಮ ಅಂತರದಲ್ಲಿ ಹಿಡಿಯುವುದಿಲ್ಲ. ರಂಗಸ್ಥಳದ ಬೆಳಕು ಕಮ್ಮಿಯಾದಾಗ ಪ್ರತಿ ಫ್ರೇಮಿಗೆ ಹೆಚ್ಚು ಹೊತ್ತು ಬೆಳಕು ಬೇಕು ಅಂತ ವೇಗ ಇಳಿಸುತ್ತದೆ, ಬೆಳಕು ಬಂದಾಗ ಏರಿಸುತ್ತದೆ. ಪ್ರತಿ ಫ್ರೇಮಿಗೂ ಅದರ ಸಮಯ ಬರೆದಿರುವುದರಿಂದ ಪ್ಲೇಯರ್‌ಗೆ ತೊಂದರೆ ಇಲ್ಲ. ಕೆಲವು ಎಡಿಟರ್‌ಗಳು ಆ ಸಮಯ ಓದದೆ ಸೆಕೆಂಡಿಗೆ 30 ಅಂತ ಎಣಿಸಿಕೊಂಡು ಹೋಗುತ್ತವೆ, ಅಲ್ಲಿ ದನಿ ತಪ್ಪುತ್ತದೆ. ಎಡಿಟ್ ಮಾಡುವ ಮೊದಲೇ ಹ್ಯಾಂಡ್‌ಬ್ರೇಕ್‌ನಲ್ಲಿ ಫ್ರೇಮ್‌ರೇಟ್ 30, ‘ಕಾನ್‌ಸ್ಟಂಟ್’ ಮಾಡಿ ಒಂದು ಪ್ರತಿ ತೆಗೆಯಿರಿ. ಅದು ಮಧ್ಯಂತರ ಪ್ರತಿ, ಹಾಗಾಗಿ ಆರ್‌ಎಫ್ 16ರ ಸುತ್ತ ಇರಲಿ.

ಬಣ್ಣ ಮಂಕಾಗಿರುವುದು ಎಚ್‌ಡಿಆರ್‌ನಿಂದ, ‘ಬಿಟಿ.2020’, ‘ಎಚ್‌ಎಲ್‌ಜಿ’ ಅದರ ಗುರುತು. ಹೆಚ್ಚು ಹರವಿನ ಬಣ್ಣವನ್ನು ಮಾಮೂಲಿ ಹರವಿಗೆ ಲೆಕ್ಕ ಹಾಕಿ ಇಳಿಸಬೇಕು, ಅದಕ್ಕೆ ಟೋನ್‌ಮ್ಯಾಪಿಂಗ್ ಅನ್ನುತ್ತಾರೆ. ಸುಮ್ಮನೆ 8 ಬಿಟ್ ಮಾಡಿದರೆ ಅಂಕಿ ಉಳಿಯುತ್ತದೆ, ಅರ್ಥ ಬದಲಾಗುತ್ತದೆ. ಹ್ಯಾಂಡ್‌ಬ್ರೇಕ್‌ನ ‘ಫಿಲ್ಟರ್ಸ್’ನಲ್ಲಿ ‘ಕಲರ್‌ಸ್ಪೇಸ್’ ಬಿಟಿ.709 ಮಾಡಿ, ಎನ್‌ಕೋಡರ್ 8 ಬಿಟ್‌ನ ಎಕ್ಸ್264 ಇಡಿ. ಮುಂದಿನ ಆಟಕ್ಕೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ವಿಡಿಯೊ ಆಫ್ ಮಾಡಿಕೊಂಡರೆ ಈ ಕೆಲಸವೇ ಇಲ್ಲ. ವೇಷದ ಕೆಂಪು, ಹಸಿರಿನ ಅಂದ ಕಳೆದುಕೊಂಡರೆ ಆ ವಿಡಿಯೊದಲ್ಲಿ ಉಳಿಯುವುದೇನು, ಮೂಲ ಪ್ರತಿ ಮಾತ್ರ ಕಾಪಾಡಿಕೊಳ್ಳಿ.

ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ವಿಡಿಯೊ ಆಗಿ ಕಳಿಸಿದರೆ ಅದು ಮತ್ತೊಮ್ಮೆ ಹಿಂಡುತ್ತದೆ.

ಕರಾವಳಿ_ಮಳೆ

ಅದೇ ಆಟದ ಇನ್ನೊಂದು ಫೈಲು ಬ್ಯಾಟರಿ ಮುಗಿದು ಅರ್ಧಕ್ಕೆ ನಿಂತದ್ದು. 3 ಜಿಬಿ ಇದೆ, ಯಾವುದರಲ್ಲೂ ತೆರೆಯುವುದಿಲ್ಲ. ‘ಮೂವ್ ಆಟಮ್ ನಾಟ್ ಫೌಂಡ್’ ಅನ್ನುತ್ತದೆ.

ಬಿಟ್‌ಲೆಕ್ಕ

ಎಂಪಿ4ರಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನೋ ಸೂಚಿಯನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದಾಗ ಕೊನೆಯಲ್ಲಿ ಬರೆಯುತ್ತಾರೆ. ಕರೆಂಟು ಹೋದರೆ, ಬ್ಯಾಟರಿ ಸತ್ತರೆ ಸೂಚಿ ಇಲ್ಲದ ಪುಸ್ತಕ. ಪುಟಗಳೆಲ್ಲ ಇವೆ, ಹೊಲಿಗೆ ಇಲ್ಲ. ಇದನ್ನು ಯಾವ ಕನ್ವರ್ಟರೂ ಓದಲಾರದು. ‘ಅನ್‌ಟ್ರಂಕ್’ ಅನ್ನೋ ಉಚಿತ ಸಾಧನ ಇದೆ. ಅದೇ ಫೋನಿನಲ್ಲಿ, ಅದೇ ರೆಸಲ್ಯೂಶನ್, ಅದೇ ಫ್ರೇಮ್‌ರೇಟ್‌ನಲ್ಲಿ ಒಂದೆರಡು ನಿಮಿಷದ ಸರಿಯಾದ ವಿಡಿಯೊ ತೆಗೆದು ಮಾದರಿಯಾಗಿ ಕೊಡಬೇಕು, ಅದನ್ನು ನೋಡಿ ಸೂಚಿ ಮರುಕಟ್ಟುತ್ತದೆ. ಮಾದರಿ ಬೇರೆ ಸೆಟ್ಟಿಂಗ್‌ನದಾದರೆ ದನಿ ಸಿಕ್ಕು ಚಿತ್ರ ಹಸಿರು ಚೌಕಗಳಾಗಬಹುದು. ಕೆಲಸ ನಕಲು ಪ್ರತಿಯ ಮೇಲೆ ಮಾಡಿ.

ಕಂಪ್ಯೂಟರ್‌ನಲ್ಲಿ ಒಬಿಎಸ್ ಬಳಸಿ ರೆಕಾರ್ಡ್ ಮಾಡುವವರು ಎಂಕೆವಿ ಫಾರ್ಮ್ಯಾಟ್ ಇಟ್ಟುಕೊಳ್ಳಿ. ಕರೆಂಟು ಹೋದರೂ ಅಲ್ಲಿಯವರೆಗಿನದು ಓಡುತ್ತದೆ, ಆಮೇಲೆ ‘ರೀಮಕ್ಸ್’ ಒತ್ತಿ ಎಂಪಿ4 ಮಾಡಿಕೊಳ್ಳಬಹುದು.

ಅಕ್ಷರಜೋಡಣೆ

ಇದೇ ಎಳೆಯಲ್ಲಿ ಕನ್ನಡ ಸಬ್‌ಟೈಟಲ್ ಬಗ್ಗೆಯೂ ಬರೆದಿಡುತ್ತೇನೆ, ಯಾಕೆಂದರೆ ಕನ್ವರ್ಟ್ ಮಾಡುವಾಗ ಹಾಳಾಗುವುದರಲ್ಲಿ ಇದು ಮುಂದಿದೆ, ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗುವುದೇ ಇಲ್ಲ.

ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ‘ಸೇವ್ ಆ್ಯಸ್’ ಮಾಡುವಾಗ ಕೆಳಗಿನ ‘ಎನ್‌ಕೋಡಿಂಗ್’ ಯುಟಿಎಫ್-8 ಇರಬೇಕು. ‘ಆನ್ಸಿ’ ಇಟ್ಟು ಉಳಿಸಿದರೆ ಪ್ರತಿ ಕನ್ನಡ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ಅದನ್ನು ವಾಪಸ್ ತರಲು ಸಾಧ್ಯವಿಲ್ಲ, ಮತ್ತೆ ಟೈಪ್ ಮಾಡಬೇಕು. ಇಂಗ್ಲಿಷ್ ಅಕ್ಷರಗಳ ತಲೆಮೇಲೆ ಚುಕ್ಕಿ, ಗೆರೆ ಹೊತ್ತ ಸಾಲುಗಳು ಕಂಡರೆ ಮಾತ್ರ ಗಾಬರಿ ಬೇಡ: ಅದು ನುಡಿಯ ಅಥವಾ ಬರಹದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯ. ಆ ತಂತ್ರಾಂಶಗಳ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಂಡರೆ ಪೂರ್ತಿ ಸಿಗುತ್ತದೆ.

ಟಿವಿಯಲ್ಲಿ ಚೌಕ ಡಬ್ಬಿ ಬಂದರೆ ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲ. ಅಕ್ಷರ ಬಂದು ಒತ್ತು ಮಾತ್ರ ಪಕ್ಕಕ್ಕೆ ಬಿದ್ದರೆ, ‘ಅಮ್ಮ’ ಹೋಗಿ ‘ಅಮ್‌ಮ’ ಆದರೆ, ಫಾಂಟ್ ಇದೆ, ಜೋಡಿಸುವ ಬುದ್ಧಿ ಇಲ್ಲ. ಎರಡಕ್ಕೂ ಮದ್ದು ಚಿತ್ರದ ಮೇಲೇ ಅಚ್ಚೊತ್ತುವುದು, ಹ್ಯಾಂಡ್‌ಬ್ರೇಕ್‌ನ ‘ಬರ್ನ್ ಇನ್’. ಏಜಿಸಬ್ ಅನ್ನೋ ಸಬ್‌ಟೈಟಲ್ ಪ್ರೋಗ್ರಾಂನಲ್ಲಿ ಎಎಸ್ಎಸ್ (ಫಾಂಟ್ ಹೆಸರಿಸಬಹುದಾದ ಸಬ್‌ಟೈಟಲ್) ಫೈಲು ಮಾಡಿ, ಸ್ಟೈಲ್‌ನಲ್ಲಿ ‘ನೋಟೊ ಸಾನ್ಸ್ ಕನ್ನಡ’ ಹೆಸರನ್ನೇ ಬರೆದು, ಆ ಫಾಂಟ್ ಕಂಪ್ಯೂಟರ್‌ನಲ್ಲಿ ಇದೆಯೇ ಖಾತ್ರಿ ಮಾಡಿಕೊಂಡು ಕೊಡಿ. ಒತ್ತು ಕೆಳಗೆ ಇಳಿಯುವುದರಿಂದ ಎರಡು ಸಾಲಿನ ಸಬ್‌ಟೈಟಲ್‌ನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಗಲುತ್ತದೆ. ಸಾಧ್ಯವಾದಷ್ಟು ಒಂದೇ ಸಾಲಿಗೆ ಮುರಿಯಿರಿ.

ಇನ್ನೊಂದು ಸೂಕ್ಷ್ಮ: ‘ರ‍್ಯಾಂಕ್’ ಸರಿಯಾಗಿ ಬರಲು ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇರುತ್ತದೆ. ಕೆಲವು ಸಬ್‌ಟೈಟಲ್ ತಿದ್ದುವ ಪ್ರೋಗ್ರಾಂಗಳು ‘ಅನಗತ್ಯ ಚಿಹ್ನೆ’ ಅಂತ ಅದನ್ನು ಕಿತ್ತುಹಾಕುತ್ತವೆ, ಆಗ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ಅಚ್ಚೊತ್ತಿದ ಮೇಲೆ ತಿದ್ದುವಂತಿಲ್ಲ, ಮೊದಲೇ ಹುಡುಕಿ ನೋಡಿ.

ಹಾಸನ_ಹೊಸಬ

1200–1260 ತುಣುಕು ಟಿವಿಯಲ್ಲಿ ಓಡಿತು. ದನಿ ಹೊಂದಿದೆ, ಗೆರೆ ಇಲ್ಲ, ಮುಖಗಳು ಸರಿಯಾದ ಅಳತೆಗೆ ಬಂದಿವೆ. ಪೂರ್ತಿ ಓಡಿಸಿದೆ: 1.4 ಜಿಬಿ ಆಯಿತು, ಕೊನೆಯ ಡೋಲಿನ ಏಟು ಸದ್ದಿಗೆ ಸರಿಯಾಗಿ ಕೂತಿದೆ. ಎಲ್ಲರಿಗೂ ತುಂಬ ಧನ್ಯವಾದ. ಒಂದೇ ಉಳಿದದ್ದು: ಚಿತ್ರದ ತಳದಲ್ಲಿ ತೆಳುವಾದ ಪಟ್ಟಿಯೊಂದು ಸದಾ ಮಿಣುಗುತ್ತದೆ. ಡಿವಿಡಿ ಪ್ಲೇಯರ್‌ನಲ್ಲಿ ಯಾವತ್ತೂ ಕಂಡಿರಲಿಲ್ಲ.

ಫೀಲ್ಡ್‌ಆರ್ಡರ್

ಅದು ಟೇಪಿನ ಗುರುತು. ವಿಎಚ್‌ಎಸ್ ಯಂತ್ರದಲ್ಲಿ ಒಂದು ಹೆಡ್ ಬಿಟ್ಟು ಇನ್ನೊಂದು ಹೆಡ್ ಓದಲು ಶುರುಮಾಡುವ ಜಾಗ ಚಿತ್ರದ ಕೊನೆಯ ಕೆಲವು ಸಾಲುಗಳಲ್ಲಿ ಬರುತ್ತದೆ. ಅಂದರೆ ನಿಮ್ಮ ಡಿವಿಡಿಗೆ ಮೂಲ ವಿಎಚ್‌ಎಸ್ ಕ್ಯಾಸೆಟ್ ಇರಬೇಕು. ಡಬ್ಬಾ ಟಿವಿ ಅಂಚುಗಳನ್ನು ಚೌಕಟ್ಟಿನ ಹಿಂದೆ ಮುಚ್ಚಿಡುತ್ತಿದ್ದುದರಿಂದ ಆಗ ಕಾಣುತ್ತಿರಲಿಲ್ಲ. ಆ ಕ್ಯಾಸೆಟ್ ಮನೆಯಲ್ಲಿ ಎಲ್ಲಾದರೂ ಇದೆಯೇ ಹುಡುಕಿ, ಸಿಕ್ಕರೆ ಫಂಗಸ್ ಬಂದಿದೆಯೇ ಅಂತ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಇದ್ದರೆ ಯಂತ್ರಕ್ಕೆ ಹಾಕಬೇಡಿ.

ಪಟ್ಟಿಗೆ: ‘ಡೈಮೆನ್ಶನ್ಸ್’ನಲ್ಲಿ ಕ್ರಾಪಿಂಗ್ ‘ಕಸ್ಟಮ್’ ಮಾಡಿ ಕೆಳಗೆ 8 ಹಾಕಿ. ಸಾಲದಿದ್ದರೆ 10, 12, ಯಾವಾಗಲೂ ಸಮಸಂಖ್ಯೆ. ಬೇರೇನೂ ಮುಟ್ಟಬೇಡಿ, ಅಳತೆ 768×568 ಆಗುತ್ತದೆ, ಟಿವಿ ಅದನ್ನೇ ಪರದೆಗೆ ಹೊಂದಿಸಿ ತೋರಿಸುತ್ತದೆ.